ಡಚ್ ನುಡಿಯ ಮಳೆನಾಡು
ಸುರಿನಾಮಿನಲ್ಲಿ ಸಂಸಾರ ಹೂಡಬಯಸುವವರಿಗೆ ಕೆಲವು ಮಾತು

ದಕ್ಷಿಣ ಅಮೆರಿಕದ ಭೂಪಟವನ್ನು ಬಿಡಿಸಿ ಅದರ ಈಶಾನ್ಯದ ಅಂಚನ್ನು ನೋಡಿದರೆ, ಪಶ್ಚಿಮಕ್ಕೆ ಗಯಾನಾ, ಪೂರ್ವಕ್ಕೆ ಫ್ರೆಂಚ್ ಗಯಾನಾ, ದಕ್ಷಿಣಕ್ಕೆ ಬ್ರೆಜಿಲ್, ಉತ್ತರಕ್ಕೆ ಅಟ್ಲಾಂಟಿಕ್ ಸಾಗರ, ಇವುಗಳ ನಡುವೆ ಅಂಗೈಯಷ್ಟೇ ಕಾಣುವ ಒಂದು ದೇಶವಿದೆ. ಅದೇ ಸುರಿನಾಮ್. ಆ ಖಂಡದ ಸ್ವತಂತ್ರ ರಾಷ್ಟ್ರಗಳಲ್ಲೆಲ್ಲ ಅತ್ಯಂತ ಚಿಕ್ಕದು. ಚಿಕ್ಕದೆಂದರೂ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ತುಸುವೇ ಕಡಿಮೆ. ಸುಮಾರು 1,63,800 ಚದರ ಕಿಲೋಮೀಟರು. ಆದರೆ ಜನಸಂಖ್ಯೆ ಆರು ಲಕ್ಷವನ್ನು ಸ್ವಲ್ಪ ಮೀರಿದ್ದು ಮಾತ್ರ. ನಮ್ಮ ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ನೆಲದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನ ಪಾಲು ಕಾಡು. ಜನರೆಲ್ಲ ಬಹುಮಟ್ಟಿಗೆ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ, ಅದರಲ್ಲೂ ರಾಜಧಾನಿಯಾದ ಪಾರಮಾರಿಬೊದ ಸುತ್ತಮುತ್ತ ನೆಲೆಸಿದ್ದಾರೆ.

ಇಷ್ಟು ದೂರದ, ಇಷ್ಟು ಸಣ್ಣ ನಾಡಿನ ಮಾತು ನಮ್ಮ ಮನೆಗಳ ಹಜಾರಕ್ಕೆ ಬರಲು ಕಾರಣ ಕಡಲಡಿಯ ತೈಲ. 2020ರ ಜನವರಿಯಲ್ಲಿ ಅಲ್ಲಿಯ ಸಮುದ್ರದಾಳದಲ್ಲಿ ದೊಡ್ಡ ತೈಲನಿಕ್ಷೇಪ ದೊರೆತ ಸುದ್ದಿ ಹೊರಬಿತ್ತು. 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಟೋಟಲ್ ಎನರ್ಜೀಸ್ ಕಂಪನಿ ಸುಮಾರು 1,050 ಕೋಟಿ ಅಮೆರಿಕನ್ ಡಾಲರುಗಳ ‘ಗ್ರಾನ್‌ಮೊರ್ಗು’ ಯೋಜನೆಗೆ ಅಂತಿಮ ಒಪ್ಪಿಗೆ ಕೊಟ್ಟಿತು. ಮೊದಲ ತೈಲ 2028ರಲ್ಲಿ ಹೊರಬರಬೇಕೆಂಬುದು ಅದರ ಲೆಕ್ಕ. ತೈಲ ಸಿಕ್ಕಿದೆಡೆಗೆ ಎಂಜಿನಿಯರು, ಲೆಕ್ಕಿಗ, ವ್ಯಾಪಾರಿ ಎಲ್ಲರೂ ಹೊರಡುವುದು ಲೋಕಾರೂಢಿ. ಹೊರಡುವ ಮುನ್ನ ಮನೆಯ ಹಿರಿಯರೂ ಗೃಹಿಣಿಯೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಒಬ್ಬಂಟಿಯಾಗಿ ಹೋಗುವವನ ತಪ್ಪು ಅವನೊಬ್ಬನ ಜೇಬಿಗೆ ತಟ್ಟುತ್ತದೆ. ಸಂಸಾರ ಸಮೇತ ಹೋಗುವವನ ತಪ್ಪು ಮಕ್ಕಳ ವಿದ್ಯೆಗೂ ತಂದೆತಾಯಿಯರ ಮುಪ್ಪಿಗೂ ತಟ್ಟುತ್ತದೆ.

ಮುಖ ಪರಿಚಿತ, ಮಾತು ಅಪರಿಚಿತ

ಪಾರಮಾರಿಬೊದ ಬೀದಿಯಲ್ಲಿ ಮೊದಲ ದಿನ ನಡೆಯುವ ಭಾರತೀಯನಿಗೆ ಒಂದು ಸಿಹಿಯಾದ ಭ್ರಮೆ ಹುಟ್ಟುವುದು ಸಹಜ. ಎದುರಿಗೆ ಬರುವವರಲ್ಲಿ ಅನೇಕರು ನಮ್ಮವರಂತೆಯೇ ಕಾಣುತ್ತಾರೆ. ಅಂಗಡಿಯ ಹಲಗೆಯ ಮೇಲೆ ರಾಮನ ಹೆಸರಿದೆ, ಬಿಹಾರಿಯ ಹೆಸರಿದೆ. ಮಂದಿರವಿದೆ, ರೊಟ್ಟಿಯಂಗಡಿಯಿದೆ. ಹೋಳಿಗೆ ಅಲ್ಲಿ ‘ಫಗ್ವಾ’ ಎಂಬ ಹೆಸರು. ಹೋಳಿಗೂ ದೀಪಾವಳಿಗೂ ದೇಶಕ್ಕೆ ದೇಶವೇ ರಜೆ ಆಚರಿಸುತ್ತದೆ. 2012ರ ಜನಗಣತಿಯಂತೆ ನೂರಕ್ಕೆ ಇಪ್ಪತ್ತೇಳು ಮಂದಿ ‘ಹಿಂದೂಸ್ತಾನಿ’ಗಳು, ಎಂದರೆ ಭಾರತ ಮೂಲದವರು.

ಇವರು ಅಲ್ಲಿಗೆ ಬಂದ ಬಗೆ ಸುಖದ ಕಥೆಯಲ್ಲ. 1667ರ ಬ್ರೆಡಾ ಒಪ್ಪಂದದಿಂದ ಆ ನೆಲ ಡಚ್ಚರ ಪಾಲಾಯಿತು. ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆನ್ನಿನ ಮೇಲೆ ಕಬ್ಬು, ಕಾಫಿಗಳ ತೋಟಗಳು ಬೆಳೆದವು. 1863ರ ಜುಲೈ 1ರಂದು ಗುಲಾಮಗಿರಿ ಕಾಯಿದೆಯ ಮೂಲಕ ಕೊನೆಗೊಂಡರೂ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಸರ್ಕಾರದ ಮೇಲ್ವಿಚಾರಣೆಯಲ್ಲಿ ದುಡಿಯಬೇಕಾಯಿತು. ಆ ಅವಧಿ ಮುಗಿದ ವರ್ಷವೇ, 1873ರ ಜೂನ್ 5ರಂದು, ಕಲ್ಕತ್ತೆಯಿಂದ ಹೊರಟ ‘ಲಾಲಾ ರೂಖ್’ ಎಂಬ ಹಡಗು ಸುಮಾರು ನಾನೂರು ಮಂದಿ ಭಾರತೀಯ ಕೂಲಿಗಳನ್ನು ಅಲ್ಲಿ ಇಳಿಸಿತು. 1916ರವರೆಗೆ ಬಂದವರು 34,000ಕ್ಕೂ ಹೆಚ್ಚು. ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರಗಳ ಹಳ್ಳಿಗರು.

ಆದ್ದರಿಂದ ಅವರ ಮನೆಮಾತು ಭೋಜಪುರಿ, ಅವಧಿಗಳು ಬೆರೆತು ಹುಟ್ಟಿದ ‘ಸರ್ನಾಮಿ’. ಹಿಂದಿ ಬಲ್ಲ ಕನ್ನಡಿಗನಿಗೆ ಅದು ಅರ್ಧಂಬರ್ಧ ತಿಳಿದೀತು. ಆದರೆ ಐದಾರು ತಲೆಮಾರುಗಳ ಹಿಂದೆ ಕಡಲು ದಾಟಿದವರ ಮೊಮ್ಮಕ್ಕಳ ಮಕ್ಕಳು ಅವರು. ಅವರ ದೇಶ ಸುರಿನಾಮ್; ನಾವು ಅವರಿಗೆ ಪರದೇಶದವರೇ. ಬಣ್ಣ ನೋಡಿ ಬಂಧುತ್ವ ಕಟ್ಟಿ, ‘ನಿಮ್ಮ ಊರು ಯಾವುದು, ನಿಮ್ಮ ಕುಲ ಯಾವುದು’ ಎಂದು ಕೆದಕುವ ನಮ್ಮವರ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲಿಯೇ ಬಿಟ್ಟು ಹೋಗುವುದು ಮೇಲು. ಕನ್ನಡವಂತೂ ಮನೆಯ ನಾಲ್ಕು ಗೋಡೆಗಳೊಳಗೇ ಉಳಿಯಬೇಕಾದ ಮಾತು. ಬೀದಿಯಲ್ಲಿ ಅದು ಕಿವಿಗೆ ಬಿದ್ದೀತೆಂದು ಕಾಯಬೇಡಿ.

ಅಲ್ಲದೆ ಆ ದೇಶ ಹಿಂದೂಸ್ತಾನಿಗಳೊಬ್ಬರದೇ ಅಲ್ಲ. ಆಫ್ರಿಕ ಮೂಲದ ಕ್ರಿಯೋಲರು; ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿ, 1760ರಿಂದೀಚೆಗೆ ಡಚ್ಚರಿಂದಲೇ ಸಂಧಿಪತ್ರ ಬರೆಯಿಸಿಕೊಂಡ ವೀರರ ಸಂತತಿಯಾದ ಮರೂನರು; 1890ರಿಂದ ಕೂಲಿಗಳಾಗಿ ಬಂದ ಜಾವಾದವರು; ಚೀನೀ ಅಂಗಡಿಕಾರರು; ಎಲ್ಲರಿಗಿಂತ ಮೊದಲಿನ ಆದಿವಾಸಿಗಳು. ಕೈಜರ್‌ಸ್ಟ್ರಾಟ್ ಎಂಬ ಬೀದಿಯಲ್ಲಿ ಯೆಹೂದ್ಯರ ದೇಗುಲವೂ ಮಸೀದಿಯೂ ಪಕ್ಕಪಕ್ಕದಲ್ಲಿ ನಿಂತಿವೆ. ಊರಿನವರು ಅದನ್ನು ಹೊಸಬರಿಗೆ ಹೆಮ್ಮೆಯಿಂದ ತೋರಿಸುತ್ತಾರೆ. ಈ ಹೊಂದಾಣಿಕೆ ತಾನಾಗಿ ನಿಂತದ್ದಲ್ಲ, ಜನ ಎಚ್ಚರದಿಂದ ಕಾಪಾಡಿಕೊಂಡು ಬಂದದ್ದು. ಹೊಸದಾಗಿ ಹೋದವರು ಒಂದು ಜನಾಂಗದ ಪಕ್ಷ ವಹಿಸಿ ಇನ್ನೊಂದನ್ನು ಹಗುರವಾಗಿ ಆಡುವುದು ಅಪರಾಧಕ್ಕೆ ಸಮ.

ಭಾಷೆಯ ಬಾಗಿಲು

ಸುರಿನಾಮ್ 1975ರ ನವೆಂಬರ್ 25ರಂದು ಸ್ವತಂತ್ರವಾಯಿತಾದರೂ ಆಡಳಿತ, ನ್ಯಾಯಾಲಯ, ಶಾಲೆ, ವೃತ್ತಪತ್ರಿಕೆ ಎಲ್ಲವೂ ಇಂದಿಗೂ ಡಚ್ ಭಾಷೆಯಲ್ಲಿಯೇ ನಡೆಯುತ್ತವೆ. ಬೀದಿಯಲ್ಲಿ ಎಲ್ಲ ಜನಾಂಗದವರೂ ಕೂಡಿ ಆಡುವ ಮಾತು ‘ಸ್ರಾನಾನ್ ಟೊಂಗೊ’. ‘ಫಾ ವಾಕಾ?’ ಎಂದು ಕ್ಷೇಮ ಕೇಳುವುದನ್ನೂ ‘ಗ್ರಾಂಟಾಂಗಿ’ ಎಂದು ಕೃತಜ್ಞತೆ ಹೇಳುವುದನ್ನೂ ಕಲಿತವನಿಗೆ ಪೇಟೆಯಲ್ಲಿ ನಗುಮುಖ ದೊರೆಯುತ್ತದೆ. ಆದರೆ ಬಾಡಿಗೆಯ ಕರಾರು, ವೈದ್ಯರ ಚೀಟಿ, ಮಗುವಿನ ಶಾಲೆಯ ಪತ್ರ, ಇವು ಮೂರೂ ಡಚ್ಚಿನಲ್ಲಿ ಬರುತ್ತವೆ. ಓದಲು ಬಾರದವನು ಪ್ರತಿಯೊಂದಕ್ಕೂ ಇನ್ನೊಬ್ಬರ ಬಾಯಿ ನೋಡಬೇಕು. ಇಂಗ್ಲಿಷಿನಲ್ಲಿ ಹೇಗಾದರೂ ನಡೆದೀತೆಂಬ ನಂಬಿಕೆ ಕಂಪನಿಯ ಕಚೇರಿಯೊಳಗೆ ನಿಜ, ಹೊರಗೆ ಅರ್ಧ ನಿಜ.

ಹೊರಡುವುದಕ್ಕೆ ಆರು ತಿಂಗಳು ಮುಂಚೆ ಗಂಡಹೆಂಡಿರಿಬ್ಬರೂ ಡಚ್ ಕಲಿಯಲು ಕೂಡಬೇಕೆಂಬುದೇ ಈ ಬರಹದ ಮೊದಲ ಸಲಹೆ. ಇಂಗ್ಲಿಷ್ ಬಲ್ಲವರಿಗೆ ಪದಗಳು ಬಲುಬೇಗ ಪರಿಚಯವಾಗುತ್ತವೆ. ಕನ್ನಡಿಗರಿಗೆ ಒಂದು ಅನುಕೂಲವೂ ಉಂಟು: ನಮ್ಮ ‘ನೀನು’, ‘ನೀವು’ಗಳ ಭೇದ ಆ ಭಾಷೆಯಲ್ಲಿಯೂ ಇದೆ, ಹಿರಿಯರನ್ನು ಏಕವಚನದಲ್ಲಿ ಕರೆಯುವ ಅಪಾಯವನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಹೆಸರಿನ ಗೊಂದಲ ಮಾತ್ರ ನಗು ಬರಿಸುತ್ತದೆ. ಡಚ್ಚರು ರೋಮನ್ ಲಿಪಿಯ ‘ಜೆ’ ಅಕ್ಷರವನ್ನು ಯಕಾರವಾಗಿಯೂ, ‘ಜಿ’ ಅಕ್ಷರವನ್ನು ಗಂಟಲೊಳಗಿನ ಖಕಾರದಂತೆಯೂ ಓದುತ್ತಾರೆ. ನಮ್ಮ ಜೋಶಿಯವರು ಅಲ್ಲಿ ಯೋಶಿ, ಗೋಪಾಲರಾಯರು ಖೋಪಾಲರಾಯರು. ಹಿಂದೂಸ್ತಾನಿ ಹೆಸರುಗಳಲ್ಲಿ ಉಕಾರವನ್ನು ‘ಓ’, ‘ಇ’ ಎಂಬ ಎರಡು ಅಕ್ಷರಗಳಿಂದ ಬರೆಯುವುದು ರೂಢಿ. ನಗೆಯ ಹಿಂದೆ ಒಂದು ಕಷ್ಟವೂ ಇದೆ. ಊರ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ನಮ್ಮ ಪದ್ಧತಿ ಆ ಕಚೇರಿಗಳಿಗೆ ತಿಳಿಯದು. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಪದವಿಪತ್ರದಲ್ಲಿ ಒಂದು ಬಗೆ, ಮದುವೆಯ ನೋಂದಣಿಯಲ್ಲಿ ಇನ್ನೊಂದು ಬಗೆ ಇದ್ದರೆ ಅವರು ಮೂವರು ಬೇರೆ ವ್ಯಕ್ತಿಗಳೆಂದೇ ಗುಮಾಸ್ತನು ತಿಳಿದಾನು. ಹೆಸರನ್ನು ಎಲ್ಲ ಕಾಗದಗಳಲ್ಲಿಯೂ ಒಂದೇ ರೀತಿಗೆ ಇಲ್ಲಿಯೇ ತಂದುಕೊಳ್ಳಿ.

ಕಾಗದಪತ್ರ ಮತ್ತು ಚುಚ್ಚುಮದ್ದು

ಪ್ರವಾಸಿಯಾಗಿ ಹೋಗುವುದು ಬೇರೆ, ವಾಸಕ್ಕೆಂದು ಹೋಗುವುದು ಬೇರೆ. ಪ್ರವಾಸಿಯ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತಿರುವುದರಿಂದ ಹೊಸದಿಲ್ಲಿಯಲ್ಲಿರುವ ಸುರಿನಾಮಿನ ರಾಯಭಾರ ಕಚೇರಿಯನ್ನೇ ಕೇಳಿ ತಿಳಿಯಬೇಕು. ನೆಲೆಸಲು ಹೋಗುವವರು ವಾಸದ ಅನುಮತಿಯ ವಿಧಾನವನ್ನು ಹೊರಡುವ ಮೊದಲೇ ಆರಂಭಿಸುವುದು ಒಳ್ಳೆಯದು. ಪ್ರವಾಸಿಯಾಗಿ ಇಳಿದು, ಆಮೇಲೆ ಸರಿಪಡಿಸಿಕೊಳ್ಳುವೆನೆಂಬುದು ದಾರಿಯಲ್ಲ. ಜನನ, ವಿವಾಹ, ಪದವಿ, ಪೊಲೀಸ್ ನಡತೆ ಇವುಗಳ ಪ್ರಮಾಣಪತ್ರಗಳಿಗೆ ನಮ್ಮ ವಿದೇಶಾಂಗ ಇಲಾಖೆಯ ‘ಅಪೊಸ್ಟಿಲ್’ ಮುದ್ರೆ ಹಾಕಿಸಿ, ಎರಡೆರಡು ಪ್ರತಿ ಇಟ್ಟುಕೊಳ್ಳಬೇಕು. ಪಾರಮಾರಿಬೊದಲ್ಲಿ ಭಾರತದ ರಾಯಭಾರ ಕಚೇರಿಯಿದೆ. ತಲುಪಿದ ಕೂಡಲೆ ಅಲ್ಲಿ ಹೆಸರು ಬರೆಯಿಸಿರಿ.

ಪೀತಜ್ವರದ ಚುಚ್ಚುಮದ್ದನ್ನು ಮರೆಯುವಂತಿಲ್ಲ. ಆ ರೋಗದ ಭಯವಿರುವ ದೇಶಗಳ ಪಟ್ಟಿಯಲ್ಲಿ ಸುರಿನಾಮೂ ಸೇರಿದೆ. ಅಲ್ಲಿಂದ ಭಾರತಕ್ಕೆ ಮರಳುವಾಗ ಹಳದಿ ಬಣ್ಣದ ಆ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಸಕ್ಕೆ ಕಳಿಸಬಹುದು. ತಾಯಿಯ ಕಾಯಿಲೆ ಕೇಳಿ ಓಡಿಬಂದವನಿಗೆ ಆ ಆರು ದಿನಗಳ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಚುಚ್ಚುಮದ್ದು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಹತ್ತು ದಿನಗಳ ಬಳಿಕ ಅದರ ಪ್ರಮಾಣಪತ್ರ ಸಿಂಧುವಾಗಿ, ಜೀವಮಾನವಿಡೀ ನಡೆಯುತ್ತದೆ. ಎಳೆಯ ಕೂಸುಗಳಿಗೂ ಗರ್ಭಿಣಿಯರಿಗೂ ಅರವತ್ತು ದಾಟಿದವರಿಗೂ ವೈದ್ಯರ ಸಲಹೆ ಪಡೆದೇ ಹಾಕಿಸಬೇಕು. ಸಂತೋಷದ ಸುದ್ದಿಯೆಂದರೆ 2025ರ ಜೂನ್ 30ರಂದು ವಿಶ್ವ ಆರೋಗ್ಯ ಸಂಸ್ಥೆ ಸುರಿನಾಮನ್ನು ಮಲೇರಿಯ ಮುಕ್ತವೆಂದು ಸಾರಿತು. ಡೆಂಗಿ ಜ್ವರದ ಸೊಳ್ಳೆ ಮಾತ್ರ ಇದೆ, ಸೊಳ್ಳೆಪರದೆ ಬೇಡವೆನ್ನುವಂತಿಲ್ಲ.

ಭಾರತದಿಂದ ನೇರ ವಿಮಾನವಿಲ್ಲ. ಸಾಮಾನ್ಯವಾಗಿ ಆಂಸ್ಟರ್‌ಡಾಂ ಮಾರ್ಗವಾಗಿ ಹೋಗುವುದು. ಅಲ್ಲಿಂದ ಮುಂದೆ ಸುಮಾರು ಒಂಬತ್ತು ಗಂಟೆಗಳ ಹಾರಾಟ. ಇಳಿಯುವ ಜಾಂಡೆರೈ ನಿಲ್ದಾಣ ಪಾರಮಾರಿಬೊದಿಂದ 45 ಕಿಲೋಮೀಟರು ದೂರದಲ್ಲಿದೆ. ರಾತ್ರಿ ಇಳಿಯುವವರು ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಲಿ.

ಹಣದ ಲೆಕ್ಕ

ಸುರಿನಾಮ್ ಡಾಲರ್ ಎಂಬ ನಾಣ್ಯ 2004ರಲ್ಲಿ ಹಳೆಯ ಗಿಲ್ಡರಿನ ಜಾಗಕ್ಕೆ ಬಂತು. 2020ರ ಆರಂಭದಲ್ಲಿ ಒಂದು ಅಮೆರಿಕನ್ ಡಾಲರಿಗೆ ಸುಮಾರು ಏಳೂವರೆ ಸುರಿನಾಮ್ ಡಾಲರು ಇದ್ದದ್ದು, 2023ರಲ್ಲಿ 35ನ್ನು ದಾಟಿತು. ಉಳಿತಾಯ ಮಾಡಿದವನ ಉಳಿತಾಯ ಕಣ್ಣೆದುರಿಗೇ ಕರಗಿತು. 2023ರ ಫೆಬ್ರವರಿಯಲ್ಲಿ ಬೆಲೆಯೇರಿಕೆಯಿಂದ ಬೇಸತ್ತವರ ಮೆರವಣಿಗೆ ಕೆರಳಿ, ಕೆಲವರು ರಾಷ್ಟ್ರೀಯ ಸಭಾಭವನಕ್ಕೇ ನುಗ್ಗಿದರು. ತೈಲದ ಹಣ ಬರುವುದು ಮುಂದಿನ ಮಾತು. ಮನೆಯ ಬಾಡಿಗೆ ಕೊಡಬೇಕಾದದ್ದು ಈ ತಿಂಗಳು.

ಇದರಿಂದ ಕಲಿಯಬೇಕಾದದ್ದು ಸರಳ. ಸಂಬಳ ಅಮೆರಿಕನ್ ಡಾಲರಿನಲ್ಲಿಯೋ ಯೂರೋದಲ್ಲಿಯೋ ಎಂದು ಕರಾರಿನಲ್ಲಿ ಬರೆಯಿಸಿಕೊಳ್ಳದೆ ಹೊರಡಬೇಡಿ. ಒಳ್ಳೆಯ ಮನೆಗಳ ಬಾಡಿಗೆಯನ್ನು ಮಾಲಿಕರು ಆ ನಾಣ್ಯಗಳಲ್ಲಿಯೇ ಕೇಳುವುದುಂಟು. ಸ್ಥಳೀಯ ನಾಣ್ಯದಲ್ಲಿ ತಿಂಗಳ ಖರ್ಚಿಗೆ ತಕ್ಕಷ್ಟು ಮಾತ್ರ ಇಟ್ಟುಕೊಳ್ಳಿ. ಆರು ತಿಂಗಳ ಖರ್ಚೂ ಕುಟುಂಬದ ಎಲ್ಲರ ಮರುಪ್ರಯಾಣದ ವೆಚ್ಚವೂ ಊರಿನ ಬ್ಯಾಂಕಿನಲ್ಲಿ ಕೈಮುಟ್ಟದೆ ಇರಲಿ. ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಪರದೇಶಕ್ಕೆ ಹೋಗಬೇಕಾಗಿ ಬರಬಹುದು. ಆರೋಗ್ಯ ವಿಮೆಯಲ್ಲಿ ಆ ಮಾತು ಸೇರಿದೆಯೇ ಎಂದು ನೋಡಿಕೊಳ್ಳಿ.

ಮನೆ, ಮಳೆ, ಅಡಿಗೆ

ಹವೆ ನಮ್ಮ ಕರಾವಳಿಯವರಿಗೆ ಪರಿಚಿತವೇ. ವರ್ಷವಿಡೀ ಸೆಕೆ, ತೇವ, ಚಳಿಗಾಲವೆಂಬುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ದೊಡ್ಡ ಮಳೆಗಾಲ, ಬಳಿಕ ನವೆಂಬರಿನವರೆಗೆ ದೊಡ್ಡ ಬೇಸಗೆ. ಡಿಸೆಂಬರ್, ಜನವರಿಗಳಲ್ಲಿ ಸಣ್ಣ ಮಳೆ, ಆಮೇಲೆ ಸಣ್ಣ ಬಿಸಿಲು. ಕೆರಿಬಿಯನ್ ದ್ವೀಪಗಳನ್ನು ಕಾಡುವ ಚಂಡಮಾರುತದ ದಾರಿಯಿಂದ ಈ ದೇಶ ಹೊರಗಿದೆ. ಆದರೆ ಕಡಲಂಚು ಬಹಳ ತಗ್ಗು. ಮನೆ ಗೊತ್ತುಮಾಡುವವರು ಬೇಸಗೆಯಲ್ಲಿ ನೋಡಿ ಒಪ್ಪದೆ, ಜೂನ್ ತಿಂಗಳ ಮಳೆಯಲ್ಲಿ ಬೀದಿಯ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ನೆರೆಯವರನ್ನು ಕೇಳಬೇಕು.

ನಗರ ನೋಡಲು ಚೆಲುವಾಗಿದೆ. ಇಟ್ಟಿಗೆಯ ತಳಹದಿಯ ಮೇಲೆ ಬಿಳಿಯ ಬಣ್ಣದ ಮರದ ಮನೆಗಳು ನದಿಯ ದಂಡೆಯುದ್ದಕ್ಕೂ ನಿಂತಿವೆ. ಆ ಹಳೆಯ ಭಾಗವನ್ನು 2002ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ವಾಸಕ್ಕೆ ಮರದ ಮನೆ ಹಿಡಿಯುವವರು ಗೆದ್ದಲನ್ನೂ ಬೆಂಕಿಯನ್ನೂ ನೆನೆಯಬೇಕು; 1821ರಲ್ಲಿಯೂ 1832ರಲ್ಲಿಯೂ ಆ ನಗರವನ್ನು ಬೆಂಕಿ ಸುಟ್ಟಿದೆ.

ಗೃಹಿಣಿಯರಿಗೆ ಒಂದು ವಿಶೇಷ ಸೂಚನೆ. ಅಲ್ಲಿಯ ಮನೆಗಳ ವಿದ್ಯುತ್ತು 127 ವೋಲ್ಟ್, 60 ಹರ್ಟ್ಸ್; ನಮ್ಮದು 230 ವೋಲ್ಟ್, 50 ಹರ್ಟ್ಸ್. ಇಲ್ಲಿಂದ ಹೊತ್ತೊಯ್ದ ಮಿಕ್ಸಿಯೂ ರುಬ್ಬುವ ಯಂತ್ರವೂ ಅಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸರಿಯಾಗಿ ತಿರುಗವು. ಅವುಗಳ ಭಾರದ ಬದಲು ಕುಕ್ಕರನ್ನೂ ಇಡ್ಲಿ ತಟ್ಟೆಯನ್ನೂ ಸಾರಿನ ಪುಡಿಯನ್ನೂ ಒಯ್ಯುವುದು ಜಾಣತನ. ಅಕ್ಕಿಗೆ ಬರವಿಲ್ಲ, ನಿಕ್ಕೇರಿ ಜಿಲ್ಲೆ ಭತ್ತದ ಕಣಜ. ಹಾಗಲ, ಬೆಂಡೆ, ಉದ್ದನೆಯ ಅಲಸಂದೆ, ಬದನೆ ಎಲ್ಲವೂ ಸಂತೆಗೆ ಬರುತ್ತವೆ. ಬೇಳೆಯೆಂದರೆ ಅಲ್ಲಿ ಹೆಚ್ಚಾಗಿ ಹಳದಿ ಬಟಾಣಿಯ ಬೇಳೆ. ತೊಗರಿಯ ಹುಳಿಗೆ ಒಗ್ಗಿದ ನಾಲಗೆಗೆ ಕೆಲವು ವಾರ ಬೇಕು. ‘ಮದಾಂ ಜಾನೆಟ್’ ಎಂಬ ಹಳದಿ ಮೆಣಸಿನಕಾಯಿಯ ಖಾರ ಬ್ಯಾಡಗಿಯನ್ನು ನಾಚಿಸುವಂಥದು. ಮೊದಲ ದಿನ ಕಾಲು ಭಾಗ ಸಾಕು.

ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಗಡೆ ಓಡುತ್ತವೆ. ಸರ್ಕಾರಿ ಕಚೇರಿಗಳು ಬೆಳಗ್ಗೆ ಏಳಕ್ಕೆ ತೆರೆದು ಮಧ್ಯಾಹ್ನ ಮೂರರ ಸುಮಾರಿಗೆ ಮುಚ್ಚುತ್ತವೆ. ‘ನೋ ಸ್ಪಾನ್’, ಎಂದರೆ ತಲೆ ಕೆಡಿಸಿಕೊಳ್ಳಬೇಡ, ಎಂಬುದು ಅಲ್ಲಿಯ ಜನರ ಮೆಚ್ಚಿನ ಮಾತು. ಒಂದು ಮುದ್ರೆಗಾಗಿ ಮೂರು ಬಾರಿ ಅಲೆಯುವಾಗ ಆ ಮಾತು ಸಿಟ್ಟು ಬರಿಸೀತು. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲಷ್ಟು ಸಣ್ಣ ಊರಿನಲ್ಲಿ ದನಿಯೇರಿಸಿದವನ ಕೆಲಸ ಬೇಗ ಆಗುವುದಿಲ್ಲ.

ಮಕ್ಕಳೂ ಮುದುಕರೂ

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇದು. ಶಾಲೆಗಳ ಮಾಧ್ಯಮ ಡಚ್. ಇಂಗ್ಲಿಷ್ ಮಾಧ್ಯಮದ ಶಾಲೆಗಳು ವಿರಳ, ವೆಚ್ಚವೂ ಹೆಚ್ಚು. ಶಾಲಾವರ್ಷ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ ಇಲ್ಲಿ ವರ್ಷ ಮುಗಿಸಿ ಹೋದ ಮಗುವಿಗೆ ಕೆಲವು ತಿಂಗಳು ಬಿಡುವು ದೊರೆಯುತ್ತದೆ. ಅದನ್ನು ಭಾಷೆಗೆ ಬಳಸಬಹುದು. ಆರೇಳು ವರ್ಷದ ಮಗು ಒಂದೇ ವರ್ಷದಲ್ಲಿ ತಂದೆತಾಯಿಯರಿಗೆ ಡಚ್ ಕಲಿಸುವಷ್ಟಾದೀತು. ಹದಿನಾಲ್ಕರ ಹುಡುಗನ ಕಥೆ ಬೇರೆ. ಅವನು ಗಣಿತವನ್ನೂ ವಿಜ್ಞಾನವನ್ನೂ ತಿಳಿಯದ ಭಾಷೆಯಲ್ಲಿ ಕಲಿಯಬೇಕು. ಮರಳಿ ಬಂದರೆ ಇಲ್ಲಿಯ ಪರೀಕ್ಷೆಗೂ ಸಿದ್ಧನಾಗಿರುವುದಿಲ್ಲ. ಪ್ರೌಢಶಾಲೆಯ ಹೊಸ್ತಿಲಲ್ಲಿರುವ ಮಕ್ಕಳಿದ್ದರೆ ತಂದೆ ಮೊದಲು ಒಬ್ಬನೇ ಒಂದು ವರ್ಷ ಹೋಗಿ ಬರುವುದು ವಿವೇಕ.

ಚಿಕ್ಕ ಮಕ್ಕಳ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಮೊದಲ ವರ್ಷ ಅವರು ಅಳುತ್ತಾರೆ. ಎರಡನೆಯ ವರ್ಷ ಒಗ್ಗುತ್ತಾರೆ. ಮೂರನೆಯ ವರ್ಷ ಡಚ್ಚಿನಲ್ಲಿಯೇ ಯೋಚಿಸತೊಡಗುತ್ತಾರೆ. ಆಮೇಲೆ ಮರಳಿ ತಂದರೆ ಅದು ಅವರ ಪಾಲಿಗೆ ಎರಡನೆಯ ವಲಸೆ. ಉಳಿಯುವುದೋ ಮರಳುವುದೋ ಎಂಬ ತೀರ್ಮಾನವನ್ನು ಎರಡನೆಯ ವರ್ಷದೊಳಗೇ ಮಾಡಬೇಕು.

ಊರಿನಲ್ಲಿ ಉಳಿದ ಹಿರಿಯರ ಮಾತು. ಭಾರತದ ಗಡಿಯಾರ ಸುರಿನಾಮಿಗಿಂತ ಎಂಟೂವರೆ ಗಂಟೆ ಮುಂದು. ಅಲ್ಲಿ ಸಂಜೆ ಆರಕ್ಕೆ ಮನೆಗೆ ಬಂದು ಫೋನು ಮಾಡಿದರೆ ಬೆಂಗಳೂರಿನಲ್ಲಿ ನಡುರಾತ್ರಿ ಎರಡೂವರೆ. ಬೆಳಗ್ಗೆ ಏಳಕ್ಕೆ, ಕೆಲಸಕ್ಕೆ ಹೊರಡುವ ಮುನ್ನ ಮಾಡಿದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ತಾಯಿ ಕಾಫಿಗೆ ಎದ್ದಿರುತ್ತಾಳೆ. ಈ ಒಂದು ಹೊತ್ತನ್ನು ನಿತ್ಯನೇಮದಂತೆ ಕಾಯ್ದಿಟ್ಟರೆ ಎಷ್ಟೋ ಮನಸ್ತಾಪಗಳು ತಪ್ಪುತ್ತವೆ.

ಮರಳುವ ದಾರಿ

1873ರಿಂದ ಹೋದ ಕೂಲಿಗಳ ಕರಾರು ಐದು ವರ್ಷದ್ದು. ಬೆರಳೊತ್ತಿ ಒಪ್ಪಿದ ಆ ಕರಾರಿನಲ್ಲಿ ಅವರಿಗೆ ಹೆಚ್ಚಿನ ಹಕ್ಕುಗಳಿರಲಿಲ್ಲ. ಪಾರಮಾರಿಬೊದ ನದಿಯಾಚೆ ಕೊಮ್ಮೆವೈನೆ ಜಿಲ್ಲೆಯಲ್ಲಿ ಮಾರಿಯೆನ್‌ಬರ್ಗ್ ಎಂಬ ಪಾಳುಬಿದ್ದ ಸಕ್ಕರೆ ಕಾರ್ಖಾನೆಯಿದೆ. ಅಲ್ಲಿ ಕೂಲಿಯ ಅನ್ಯಾಯದ ವಿರುದ್ಧ ಎದ್ದವರ ಮೇಲೆ 1902ರ ಜುಲೈ 30ರಂದು ಸೈನಿಕರು ಹಾರಿಸಿದ ಗುಂಡಿಗೆ 24 ಮಂದಿ ಭಾರತೀಯರು ಬಲಿಯಾದರು. ಹೊಸದಾಗಿ ಹೋದವರು ಒಂದು ಭಾನುವಾರ ಆ ಸ್ಥಳವನ್ನು ನೋಡಿಬರಬೇಕು. ರೊಟ್ಟಿಯಂಗಡಿಯ ನಗುಮುಖದ ಹಿಂದೆ ಎಂಥ ದುಡಿಮೆ ಇದೆಯೆಂಬುದು ಅಲ್ಲಿ ತಿಳಿಯುತ್ತದೆ.

ಆದರೆ ಅಷ್ಟು ಕಠಿಣವಾದ ಕರಾರಿನಲ್ಲಿಯೂ ಒಂದು ಹಕ್ಕು ಇತ್ತು: ಅವಧಿ ಮುಗಿದ ಮೇಲೆ ಉಚಿತವಾಗಿ ಊರಿಗೆ ಮರಳುವ ಹಡಗಿನ ಸ್ಥಳ. ಸುಮಾರು ಮೂರರಲ್ಲಿ ಒಂದು ಪಾಲು ಜನ ಅದನ್ನು ಬಳಸಿ ಹಿಂದಿರುಗಿದರು. 1895ರಿಂದ, ಆ ಹಕ್ಕನ್ನು ಬಿಟ್ಟುಕೊಟ್ಟವರಿಗೆ ನೂರು ಗಿಲ್ಡರ್ ಹಣವೂ ಸಾಗುವಳಿಗೆ ನೆಲವೂ ದೊರೆಯುವಂತಾಯಿತು. ಉಳಿದವರು ಹೀಗೆ ಅದರ ಬೆಲೆ ತಿಳಿದು ಉಳಿದರು. ಮುಂದೆ ಸ್ವಾತಂತ್ರ್ಯದ ಹೊತ್ತಿಗೆ ಅದೇ ದೇಶದ ಅಸಂಖ್ಯ ಕುಟುಂಬಗಳು ಗಂಟು ಕಟ್ಟಿ ಹಾಲೆಂಡಿಗೆ ಹೋದವು. ಬರುವುದನ್ನೂ ಹೋಗುವುದನ್ನೂ ಚೆನ್ನಾಗಿ ಬಲ್ಲ ನಾಡು ಅದು. ಉಳಿದವನನ್ನು ಹೊಗಳುವುದಿಲ್ಲ, ಹೊರಟವನನ್ನು ಹಳಿಯುವುದಿಲ್ಲ.

ಇಂದು ಹೋಗುವ ವಿದ್ಯಾವಂತನ ಕರಾರಿನಲ್ಲಿ ಸಂಬಳವಿದೆ, ಮನೆಯಿದೆ, ಕಾರಿದೆ. ಮರುಪ್ರಯಾಣದ ಮಾತು ಎಷ್ಟೋ ಬಾರಿ ಇರುವುದಿಲ್ಲ. ಅದನ್ನು ಕೇಳಿ ಬರೆಯಿಸಿಕೊಳ್ಳಿ. ಸಿಗದಿದ್ದರೆ ನಿಮ್ಮ ಹಣದಿಂದಲೇ ತೆಗೆದಿಡಿ. ಭಾರತದ ಪೌರತ್ವದ ಜೊತೆಗೆ ಇನ್ನೊಂದು ದೇಶದ ಪೌರತ್ವಕ್ಕೆ ನಮ್ಮ ಕಾಯಿದೆ ಎಡೆಕೊಡದು. ಆ ಹೆಜ್ಜೆಯನ್ನು ಅವಸರದಿಂದ ಇಡಬೇಡಿ. ಹೊರಡುವ ದಿನವನ್ನು ನಾವು ಪಂಚಾಂಗ ನೋಡಿ ಗೊತ್ತುಮಾಡುತ್ತೇವೆ. ಎರಡು ವರ್ಷ ತುಂಬುವ ದಿನವೊಂದನ್ನೂ ಅದೇ ಪಂಚಾಂಗದಲ್ಲಿ ಗುರುತು ಹಾಕಿ, ಅಂದು ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಕುಳಿತು ಮಾತಾಡಿ ತೀರ್ಮಾನಿಸಲಿ. ಹಾಗೆ ಹೋದವರು ಉಳಿದರೂ ನೆಮ್ಮದಿಯಿಂದ ಉಳಿದಾರು, ಮರಳಿದರೂ ತಲೆಯೆತ್ತಿ ಮರಳಿಯಾರು.